ಕರಕ್ ಚಹಾ ಯಾರದ್ದು ಸ್ವಾಮಿ?

"ಅಪ್ಪಟ ಅರಬ್ಬಿ ಸಂಪ್ರದಾಯದ ಮಸಾಲೆ ಚಹಾ" ಅಂತ ಕರಕ್ ಚಹಾವನ್ನ ಹೊಗಳೋರನ್ನ ನೋಡಿದ್ರೆ ನಗು ಬರತ್ತೆ. "ಅಯ್ಯೋ, ಅದು ನಮ್ಮ ಚಹಾನೇ ರೀ, ಅರಬ್ಬರು ಕದ್ದಿದ್ದು" ಅನ್ನೋರನ್ನ ನೋಡಿದ್ರೆ ಇನ್ನೂ ಜಾಸ್ತಿ ನಗು ಬರತ್ತೆ :) ಇಬ್ಬರೂ ಕಪ್ಪನ್ನಷ್ಟೇ ನೋಡ್ತಾರೆ, ಒಲೆ ಮುಂದೆ ನಿಂತವನನ್ನ ನೋಡಲ್ಲ.

ಮೊದಲು 'ಅಪ್ಪಟ'ದವರಿಗೆ. ಕರಕ್ ಅನ್ನೋ ಹೆಸರೇ ಹಿಂದಿ-ಉರ್ದುವಿನ 'ಕಡಕ್'. ದುಬೈ, ದೋಹಾದ ಕೆಫೆಟೇರಿಯಾಗಳಲ್ಲಿ ಅದನ್ನ ಕುದಿಸೋರಲ್ಲಿ ಮಲಯಾಳಿಗಳೇ ಹೆಚ್ಚು. ನಮ್ಮ ಮಂಗಳೂರು, ಭಟ್ಕಳದ ಕಡೆಯೋರೂ ಇದ್ದಾರೆ. ನೀರಿಗೆ ಸಿಪ್ಪೆ ಸಮೇತ ಜಜ್ಜಿದ ಏಲಕ್ಕಿ, ಬೇಕಿದ್ರೆ ಎರಡು ಲವಂಗ. ಕುದಿ ಬಂದ ಮೇಲೆ ಸಿಟಿಸಿ ಚಹಾಪುಡಿ, ಸಕ್ಕರೆ. ಆಮೇಲೆ ಡಬ್ಬಿಯ ಇವಾಪರೇಟೆಡ್ ಹಾಲು. ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗೋ ತನಕ ಸಣ್ಣ ಉರಿಯಲ್ಲಿ ಕುದೀತಾನೇ ಇರಬೇಕು. ಈ ಕೆಲಸವನ್ನ ಪ್ಯಾಕೆಟ್ಟಿನ ಪುಡಿಗೆ ಬಿಸಿನೀರು ಸುರಿದು ಮುಗಿಸೋಕಾಗಲ್ಲ.

ಇನ್ನು 'ಕದ್ದರು' ಅನ್ನೋರಿಗೆ. ಸಿಟಿಸಿ ಯಂತ್ರ 1930ರ ದಶಕದಲ್ಲಿ ಬ್ರಿಟಿಷರ ಕಾಲದ ಅಸ್ಸಾಮಿನಲ್ಲಿ ಹುಟ್ಟಿದ್ದು. ಗಲ್ಫಿಗೆ ಹೋಗೋ ಏಲಕ್ಕಿಯಲ್ಲಿ ದೊಡ್ಡ ಪಾಲು ಗ್ವಾಟೆಮಾಲಾದ್ದು. ಕರಕ್‌ಗೆ ಹತ್ತಿರದ ನೆಂಟನಂತಿರೋ ಹಾಲು-ಏಲಕ್ಕಿಯ ಚಹಾ ಯೆಮೆನ್‌ನ ಏಡನ್‌ನಲ್ಲೂ ಇದೆ. ಆ ಏಡನ್ ಅನ್ನ 1839ರಲ್ಲಿ ಹಿಡಿದ ಬ್ರಿಟಿಷರು ದಶಕಗಟ್ಟಲೆ ಬೊಂಬಾಯಿಯಿಂದಲೇ ಆಳಿದ್ರು. ನಮ್ಮ ಉತ್ತರ ಕನ್ನಡವೂ 1862ರಲ್ಲಿ ಅದೇ ಬೊಂಬಾಯಿ ಪ್ರಾಂತ್ಯಕ್ಕೆ ಸೇರ್ತು. ಅಷ್ಟೇ ಯಾಕೆ, 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಗಲ್ಫಿಗೆ ಅಂತಲೇ ಬೇರೆ ರೂಪಾಯಿ ನೋಟು ಹೊರಡಿಸಿತ್ತು! ಇಷ್ಟು ಕೊಡು-ಕೊಳ್ಳುವಿಕೆ ಇದ್ದ ಕಡೆ ಯಾರು ಯಾರಿಂದ ಕದ್ದದ್ದು ಅಂತ ಹೇಗೆ ಲೆಕ್ಕ ಹಾಕ್ತೀರಿ?

ನನ್ನ ಸಿಟ್ಟು ಬೇರೆ ಕಡೆ ಇದೆ. 2015ರಲ್ಲಿ ಯುನೆಸ್ಕೋ ಅರಬ್ಬಿ ಕಾಫಿಯನ್ನ, ಅಂದ್ರೆ ಗಹ್ವಾವನ್ನ, ತನ್ನ ಪರಂಪರೆಯ ಪಟ್ಟಿಗೆ ಸೇರಿಸ್ತು. ಸರಿಯಾದ್ದೇ. ಅಲ್ಲಿ ಬಡಿಸೋದೂ ಒಂದು ಗೌರವ. ಪುಟ್ಟ ಬಟ್ಟಲಿಗೆ ಸ್ವಲ್ಪ ಸ್ವಲ್ಪವೇ ಹಾಕ್ತಾರೆ, ಸಾಕಾದ್ರೆ ಅತಿಥಿ ಬಟ್ಟಲು ಅಲ್ಲಾಡಿಸ್ತಾನೆ. ಕರಕ್‌ಗೆ? ಕಾರು ನಿಲ್ಲಿಸಿ ಹಾರನ್ ಹೊಡೆದ್ರಾಯ್ತು, ಜುಲೈ ಬಿಸಿಲಲ್ಲೂ ಹುಡುಗ ಪೇಪರ್ ಕಪ್ಪು ಹಿಡ್ಕೊಂಡು ಓಡಿ ಬರ್ತಾನೆ. ಕಿಟಕಿ ಅರ್ಧ ಇಳಿಯತ್ತೆ, ದುಡ್ಡು ಕೈ ಬದಲಾಗತ್ತೆ, ಕಿಟಕಿ ಏರತ್ತೆ. ಅವನ ಮುಖ ಯಾರಿಗೂ ನೆನಪಿರಲ್ಲ. ಅದೇ ಚಹಾ ಹೋಟೆಲಿನ ಹಿತ್ತಾಳೆ ತಟ್ಟೆ ಹತ್ತಿದ ಕೂಡಲೇ 'ಅರಬ್ಬಿ ಆತಿಥ್ಯ' ಆಗಿಬಿಡತ್ತೆ...

ಓಪನ್ ಸೋರ್ಸ್ ಕೋಡಿನಿಂದ ಬರೆದವನ ಹೆಸರು ಅಳಿಸಿದ್ರೆ ನಾವು ಎಷ್ಟು ಕೂಗಾಡ್ತೀವಿ! ಚಹಾದ ವಿಷಯದಲ್ಲಿ ಮಾತ್ರ ಯಾಕೆ ಸುಮ್ಮನಿರೋದು?

ಕರಕ್ ಗಲ್ಫಿನದ್ದೇ, ಅನುಮಾನ ಬೇಡ. ಆದ್ರೆ ಗಲ್ಫ್ ಅಂದ್ರೆ ಬಿಳಿ ಕಂದೂರಾ ತೊಟ್ಟವರಷ್ಟೇ ಅಲ್ಲ, ಕೆಫೆಟೇರಿಯಾದ ಒಲೆ ಮುಂದೆ ಬೆವರೋನೂ ಗಲ್ಫೇ. ಕರಕ್ ಮಾಡೋದು ಹೇಗೆ ಅಂತ ಇನ್ಮೇಲೆ ಬರೆಯೋರು ಏಲಕ್ಕಿ ಎಷ್ಟು ಅಂತ ಹೇಳೋ ಮುಂಚೆ ಅವನ ಬಗ್ಗೆ ಒಂದು ಸಾಲು ಬರೀರಿ. ಅಷ್ಟೂ ಆಗಲ್ಲ ಅಂದ್ರೆ 'ಅಪ್ಪಟ' ಅನ್ನೋ ಪದವನ್ನಾದ್ರೂ ಬಿಟ್ಟುಬಿಡಿ.