ಗರ್ಭಿಣಿಗೆ ಅಂತರದ ಅರಿವು

ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು 1930ರಲ್ಲಿಯೇ ಸರ್ಕಾರಿ ಆದೇಶ ಹೊರಡಿಸಿದ ಮೈಸೂರು ಸಂಸ್ಥಾನದ ಪರಂಪರೆಗೆ ಸೇರಿದ ನಾಡಿನಲ್ಲಿ, ಕುಟುಂಬ ಯೋಜನೆಯೆಂದರೆ ಇಂದಿಗೂ ಬಹುತೇಕ ಮಹಿಳೆಯ ಸಂತಾನಹರಣ ಶಸ್ತ್ರಚಿಕಿತ್ಸೆಯೆಂದೇ ಭಾವಿಸಲಾಗುತ್ತಿರುವುದು ಕಳವಳಕಾರಿ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ ಅರ್ಧಕ್ಕಿಂತ ಹೆಚ್ಚು ವಿವಾಹಿತ ಮಹಿಳೆಯರು ಈ ಶಾಶ್ವತ ವಿಧಾನವನ್ನೇ ಅವಲಂಬಿಸಿದ್ದು, ಪುರುಷರ ಶಸ್ತ್ರಚಿಕಿತ್ಸೆಯಾದ ವ್ಯಾಸೆಕ್ಟಮಿಯ ಪಾಲು ಶೂನ್ಯಕ್ಕೆ ಸಮೀಪವಿದೆ.

ಒಂದು ಹೆರಿಗೆಯ ಬಳಿಕ ಮುಂದಿನ ಗರ್ಭಧಾರಣೆಗೆ ಕನಿಷ್ಠ 24 ತಿಂಗಳ ಅಂತರವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು, ಈ ಅಂತರವು ತಾಯಿಯ ರಕ್ತಹೀನತೆಯನ್ನೂ ಶಿಶುವಿನ ಕಡಿಮೆ ತೂಕವನ್ನೂ ತಡೆಯಲು ನೆರವಾಗುತ್ತದೆ. ಹೆರಿಗೆಯಾದ 48 ಗಂಟೆಗಳೊಳಗೆ ಗರ್ಭಕೋಶದಲ್ಲಿ ಅಳವಡಿಸಬಹುದಾದ ಕಾಪರ್‌–ಟಿ, ಮೂರು ತಿಂಗಳಿಗೊಮ್ಮೆ ನೀಡುವ ‘ಅಂತರ’ ಚುಚ್ಚುಮದ್ದು, ಹಾರ್ಮೋನುರಹಿತವಾದ ‘ಛಾಯಾ’ ಮಾತ್ರೆ ಇವು ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತವಾಗಿದ್ದರೂ, ಅವುಗಳ ಮಾಹಿತಿಯು ಹೆರಿಗೆಯ ನೋವಿನ ನಡುವೆ ದೊರೆತರೆ ವಿವೇಚನೆಗೆ ಅವಕಾಶವೇ ಉಳಿಯುವುದಿಲ್ಲ.

ಆದ್ದರಿಂದ ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯಂಥ ಊರುಗಳಲ್ಲಿಯೂ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿಯೂ, ತಾಯಿ ಕಾರ್ಡ್ ನೀಡುವ ದಿನದಿಂದಲೇ ಆಶಾ ಕಾರ್ಯಕರ್ತೆಯರು ಪತಿ ಮತ್ತು ಅತ್ತೆಯನ್ನೂ ಕೂರಿಸಿಕೊಂಡು ಈ ವಿಷಯವನ್ನು ತಿಳಿಸುವಂತಾಗಬೇಕು. ಅಂತಿಮ ನಿರ್ಧಾರ ಮಾತ್ರ, ಯಾವ ಒತ್ತಡವೂ ಇಲ್ಲದೆ, ಗರ್ಭಿಣಿಯದೇ ಆಗಿರಬೇಕು.