ಲೆಕ್ಕ ಕೊಡುವ ಆಟ, ಲೆಕ್ಕ ಕೊಡದ ರಾಜಕಾರಣ

ದೇಶದ ರಾಜಕಾರಣದ ಮಾತೆತ್ತಿದರೆ ಮುಖ ತಿರುಗಿಸುವ ಮಂದಿಯೇ ಕ್ರಿಕೆಟ್ ತಂಡದ ವಿಷಯ ಬಂದೊಡನೆ ಹುರುಪಿನಿಂದ ಮಾತಿಗಿಳಿಯುತ್ತಾರೆ. ಕಲಬುರಗಿ ಜಿಲ್ಲೆಯ ಚಿಮ್ಮನಚೋಡದಲ್ಲಾಗಲಿ, ಸೇಡಂ, ವಾಡಿ, ಶಹಾಬಾದಿನಲ್ಲಾಗಲಿ ಇದು ಕಾಣುವ ಸಂಗತಿ. ಜನರಿಗೆ ಜವಾಬ್ದಾರಿಯಿಲ್ಲ ಎಂದು ಜರಿದುಬಿಡುವುದು ಸುಲಭ, ಆದರೆ ಅದು ನ್ಯಾಯವಲ್ಲ. ಗೆಲುವಿನ ಸುಖಕ್ಕಾಗಿಯೇ ಜನ ತಂಡದ ಬೆನ್ನು ಹತ್ತುವುದಾದರೆ ಬೆಂಗಳೂರಿನ ಆರ್‌ಸಿಬಿಗೆ ಅಭಿಮಾನಿಗಳೇ ಉಳಿಯಬಾರದಿತ್ತು. 2008ರಲ್ಲಿ ಶುರುವಾದ ಐಪಿಎಲ್‌ನಲ್ಲಿ ಆ ತಂಡ ಮೊದಲ ಸಲ ಕಪ್ ಎತ್ತಿದ್ದು 18ನೇ ಆವೃತ್ತಿಯಲ್ಲಿ, 2025ರ ಜೂನ್ 3ರಂದು. ಅದಕ್ಕೂ ಮುಂಚೆ ಮೂರು ಫೈನಲ್‌ಗಳನ್ನು ಸೋತಿತ್ತು: 2009ರಲ್ಲಿ 6 ರನ್, 2011ರಲ್ಲಿ 58 ರನ್, 2016ರಲ್ಲಿ 8 ರನ್. ಮೂರರಲ್ಲಿ ಎರಡು ಸೋಲು ಹೈದರಾಬಾದಿನ ತಂಡಗಳ ಎದುರು. ಹೈದರಾಬಾದಿಗೇ ಹತ್ತಿರವಿರುವ ಈ ಸೀಮೆಯಲ್ಲೂ ಬೆಂಗಳೂರಿನ ತಂಡದ ಮೇಲಿನ ಅಕ್ಕರೆ ಕರಗಲಿಲ್ಲ. ಕಾರಣ, ಆಟದಲ್ಲಿ ಸೋಲು ಬಯಲಲ್ಲೇ ನಡೆಯುತ್ತದೆ. ಎಷ್ಟು ರನ್ನಿಗೆ, ಯಾರ ಕೈಜಾರಿದ ಕ್ಯಾಚಿಗೆ, ಯಾವ ಓವರಿನಲ್ಲಿ ಸೋತೆವು ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ನಾವು ಸೋಲಲೇ ಇಲ್ಲ ಎಂದು ನಾಯಕ ವಾದಿಸಲಾರ.

ರಾಜಕಾರಣದಲ್ಲಿ ಕಾಣೆಯಾಗಿರುವುದು ಈ ಲೆಕ್ಕವೇ. ಸಂವಿಧಾನದ 93ನೇ ವಿಧಿ ಲೋಕಸಭೆಗೆ ಉಪಸಭಾಧ್ಯಕ್ಷರು ಇರಬೇಕೆನ್ನುತ್ತದೆ; 2019ರಿಂದ 2024ರವರೆಗಿನ 17ನೇ ಲೋಕಸಭೆ ಒಬ್ಬರನ್ನೂ ಆರಿಸದೆ ಅವಧಿ ಮುಗಿಸಿತು. 2023ರ ಡಿಸೆಂಬರಿನ ಒಂದೇ ಅಧಿವೇಶನದಲ್ಲಿ ಉಭಯ ಸದನಗಳ 146 ಸದಸ್ಯರು ಅಮಾನತಾದರು. 2021ರ ಜನಗಣತಿ ನಡೆಯಲೇ ಇಲ್ಲ. ಮುಂದಿನದಕ್ಕೆ 2027 ಎಂದು ಗೊತ್ತುಮಾಡಲಾಯಿತು. ಎಷ್ಟು ಮಂದಿ ಇದ್ದೇವೆಂದೇ ಎಣಿಸದ ಮೇಲೆ ಯಾರಿಗೆ ಎಷ್ಟು ಸಲ್ಲಬೇಕು ಎಂದು ಹೇಳುವವರು ಯಾರು? ನಮ್ಮ ಭಾಗದ ವಿಷಯಕ್ಕೇ ಬಂದರೆ, ಕಲಬುರಗಿ ರೈಲ್ವೆ ವಿಭಾಗ ಘೋಷಣೆಯಾದದ್ದು 2014ರಲ್ಲಿ. ಅದು ಯಾಕೆ ಹಳಿ ಏರಲಿಲ್ಲ ಎಂಬ ಪ್ರಶ್ನೆಗೆ ಕಾಂಗ್ರೆಸ್, ಬಿಜೆಪಿ ಎರಡೂ ಒಂದರತ್ತ ಒಂದು ಬೆರಳು ತೋರಿಸುತ್ತವೆ. ತೊಗರಿಯ ಕತೆ ಇನ್ನೂ ಕಹಿ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 8,000 ರೂಪಾಯಿ ಬೆಂಬಲ ಬೆಲೆ ಸಾರಿತು. ಹೊರದೇಶದ ತೊಗರಿಗೆ ಸುಂಕವಿಲ್ಲದ ಬಾಗಿಲನ್ನು 2026ರ ಮಾರ್ಚ್‌ವರೆಗೆ ತೆರೆದಿಟ್ಟದ್ದೂ ಅದೇ ಸರ್ಕಾರ. ಹೀಗಾದರೆ ರಾಶಿ ಮಾಡಿದ ರೈತನ ಸೋಲನ್ನು ಯಾರ ಹೆಸರಿಗೆ ಬರೆಯಬೇಕು?

ಚುನಾವಣೆಯ ಫಲಿತಾಂಶವೂ ಅಂಕಿಯೇ ಅಲ್ಲವೇ ಎಂದು ಕೇಳಬಹುದು. ಹೌದು, ಆದರೆ ಆ ಅಂಕಿ ಹೇಳುವುದು ಗೆದ್ದವರು ಯಾರೆಂದು ಮಾತ್ರ. ಆಮೇಲಿನ ಐದು ವರ್ಷ ಏನಾಯಿತೆಂದಲ್ಲ. ಚಿಂಚೋಳಿಯಲ್ಲಿ 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ಶಾಸಕರು 2019ರಲ್ಲಿ ರಾಜೀನಾಮೆ ಕೊಟ್ಟು ಬಿಜೆಪಿಯಿಂದ ಕಲಬುರಗಿಯ ಸಂಸದರಾದರು. ತೆರವಾದ ಕ್ಷೇತ್ರಕ್ಕೆ ಅವರ ಮಗನೇ ಅದೇ ಪಕ್ಷದಿಂದ ಆರಿಸಿ ಬಂದರು. ಆಟಗಾರರೂ ತಂಡ ಬದಲಿಸುತ್ತಾರೆ, ನಿಜ. ಆದರೆ ಅವರ ಹರಾಜು ಟಿವಿಯಲ್ಲಿ ನೇರ ಬರುತ್ತದೆ, ಬೆಲೆಯೂ ಗೊತ್ತಿರುತ್ತದೆ, ಪಂದ್ಯದ ನಡುವೆ ಯಾರೂ ಎದುರಾಳಿಯ ಅಂಗಿ ತೊಡುವುದಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು: ಅಭಿಮಾನ ಹುಚ್ಚಾಗುತ್ತದೆ, ಜೀವ ತೆಗೆಯುತ್ತದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಆರ್‌ಸಿಬಿ ಗೆಲುವಿನ ಸಂಭ್ರಮಕ್ಕೆ ಸೇರಿದ್ದವರ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಆ ದುಃಖವನ್ನು ಯಾವ ಕಪ್ಪೂ ತುಂಬಿಕೊಡದು. ಆದರೆ ಆ ಜೀವಗಳು ಹೋದದ್ದು ಮೈದಾನದ ಗೆರೆಯಾಚೆ, ಜನರನ್ನು ಕಾಯಬೇಕಾದ ವ್ಯವಸ್ಥೆ ಕೈಕೊಟ್ಟ ಜಾಗದಲ್ಲಿ. ಅಲ್ಲಿಯೂ ಕೇಳಬೇಕಾದದ್ದು ಇದೇ ಲೆಕ್ಕ.

ಹಾಗೆಂದು ಪಕ್ಷವನ್ನು ತಂಡದಂತೆ ಪ್ರೀತಿಸಿ ಎಂದು ಹೇಳುತ್ತಿಲ್ಲ. ಆ ಪ್ರೀತಿ ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚಾಗಿದೆ, ನಮ್ಮವರು ಎಂಬ ಒಂದೇ ಕಾರಣಕ್ಕೆ ಎಲ್ಲ ತಪ್ಪನ್ನೂ ಮಾಫಿ ಮಾಡಿಸುತ್ತಿದೆ. ಆಟದಿಂದ ತರಬೇಕಾದದ್ದು ಅಭಿಮಾನಿಯ ನೆನಪು. ಹದಿನೆಂಟು ಹಂಗಾಮುಗಳ ಅಂಕಿ ಬಾಯಲ್ಲಿಟ್ಟುಕೊಂಡ ಯುವಕರಿಗೆ 2014ರ ಒಂದು ಘೋಷಣೆಯ ಜಾಡು ಹಿಡಿಯುವುದು ಕಷ್ಟವಲ್ಲ. ಸೇಡಂ, ಚಿತ್ತಾಪುರಗಳು ಕಲಬುರಗಿ ಲೋಕಸಭಾ ಕ್ಷೇತ್ರಕ್ಕೆ, ಚಿಂಚೋಳಿ ಬೀದರಿಗೆ ಸೇರಿವೆ. ಪ್ರತಿ ವರ್ಷ ತೊಗರಿ ರಾಶಿ ಮುಗಿಯುವ ಹೊತ್ತಿಗೆ ಆ ಇಬ್ಬರೂ ಸಂಸದರನ್ನು, ಅವರು ಯಾವ ಪಕ್ಷದವರೇ ಆಗಿರಲಿ, ಊರಿಗೆ ಕರೆಸಿ ರೈಲು, ತೊಗರಿ, ಸದನದ ಹಾಜರಿ ಈ ಮೂರರ ಲೆಕ್ಕವನ್ನು ಎಲ್ಲರೆದುರು ಕೇಳಿ.