ಹೈದರಾಬಾದಿನ ಎರಡು ಲೆಕ್ಕಗಳು

1948ರ ಸೆಪ್ಟೆಂಬರ್ 20ರಂದು ಹೈದರಾಬಾದ್ ಸಂಸ್ಥಾನದ ಹತ್ತು ಲಕ್ಷ ಪೌಂಡಿಗೂ ತುಸು ಹೆಚ್ಚಿನ ಹಣ ಲಂಡನ್ನಿನ ಬ್ಯಾಂಕೊಂದರಲ್ಲಿ ಪಾಕಿಸ್ತಾನದ ಹೈಕಮಿಷನರರ ಖಾತೆಗೆ ವರ್ಗವಾಯಿತು. ನಿಜಾಮರ ಸೇನೆ ಶರಣಾಗಿ ಆಗ ಮೂರೇ ದಿನ ಕಳೆದಿತ್ತು. ಹಣ ಯಾರದೆಂಬ ವ್ಯಾಜ್ಯ 71 ವರ್ಷ ಉಳಿಯಿತು. 2019ರ ಅಕ್ಟೋಬರಿನಲ್ಲಿ ಅಲ್ಲಿನ ಹೈಕೋರ್ಟು ಭಾರತ ಮತ್ತು ನಿಜಾಮರ ವಾರಸುದಾರರ ಪರವಾಗಿ ತೀರ್ಪಿತ್ತಾಗ ಆ ಮೊತ್ತ ಬಡ್ಡಿ ಸೇರಿ ಸುಮಾರು ಮೂರೂವರೆ ಕೋಟಿ ಪೌಂಡಾಗಿತ್ತು. ಹಣದ ಲೆಕ್ಕ ಅಷ್ಟು ಜೋಪಾನವಾಗಿತ್ತು. ಆ ವರ್ಷ ಸತ್ತವರ ಲೆಕ್ಕ ಮಾತ್ರ ಇಂದಿಗೂ ಮುಗಿದಿಲ್ಲ.

ಕಲಬುರ್ಗಿ, ಬೀದರ, ರಾಯಚೂರು, ಕೊಪ್ಪಳಗಳಿಂದ ಹೊರಟು ಹೈದರಾಬಾದ್, ಪುಣೆ, ಮುಂಬಯಿಗಳಲ್ಲಿ ನೆಲೆಸಿರುವ ಜೈನ ಕುಟುಂಬಗಳಿಗೆ ಇದು ದೂರದ ಚರಿತ್ರೆಯಲ್ಲ. ಅಮೋಘವರ್ಷನ ಮಳಖೇಡವೂ ಪುರಾತನ ತೀರ್ಥವಾದ ಕೊಪಣವೂ ಆಗ ನಿಜಾಮರ ಆಳ್ವಿಕೆಯಲ್ಲಿದ್ದವು. 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದದ ನಂತರವೂ ಸಂಸ್ಥಾನ ಸ್ವತಂತ್ರವಾಗಿಯೇ ಉಳಿಯಬಯಸಿತು. ಮರುವರ್ಷದ ಆಗಸ್ಟಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಂಡೊಯ್ದಿತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಹೊಕ್ಕಿತು. ಪ್ಯಾರಿಸ್ಸಿನಲ್ಲಿ ಸೇರಿದ್ದ ಮಂಡಳಿ 16ರಂದು ವಿಷಯವನ್ನು ಕೈಗೆತ್ತಿಕೊಂಡಿತು, ಮರುದಿನವೇ ಶರಣಾಗತಿ.

ರಾಜತಾಂತ್ರಿಕರಿಗೆ ಅದು ಸಾರ್ವಭೌಮತ್ವದ ಪ್ರಶ್ನೆ. ಗಡಿಯ ಹಳ್ಳಿಗನಿಗೆ ಅದು ದಿನದ ಬದುಕು. ಸಂತೆಯಲ್ಲಿ ಹಾಲಿ ಸಿಕ್ಕಾ ನಡೆಯಬೇಕೋ ಕಲ್ದಾರ ರೂಪಾಯಿ ನಡೆಯಬೇಕೋ ಎಂಬ ಗೊಂದಲ. ದಿಗ್ಬಂಧನದಿಂದ ಔಷಧ, ಪೆಟ್ರೋಲುಗಳ ಅಭಾವ. ಕತ್ತಲಾದರೆ ರಜಾಕಾರರ ಭಯ. ಅನೇಕರು ಮನೆಗೆ ಬೀಗ ಹಾಕಿ ಗಡಿಯಾಚೆಯ ಶಿಬಿರಗಳಿಗೆ ನಡೆದರು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಆ ಸೀಮೆಯ ಜನ ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಅಲ್ಲೀಗ ಸ್ಮಾರಕವಿದೆ.

ಇದು ಮೊದಲನೆಯ ಲೆಕ್ಕ. ಎರಡನೆಯದಕ್ಕೆ ಸ್ಮಾರಕವಿಲ್ಲ. ಶರಣಾಗತಿಯ ನಂತರದ ವಾರಗಳಲ್ಲಿ ಮುಸ್ಲಿಮರ ಮೇಲೆ ಪ್ರತೀಕಾರ ನಡೆಯಿತು. ಪಂಡಿತ ಸುಂದರಲಾಲರ ನೇತೃತ್ವದ ಸಮಿತಿ ಆ ವರ್ಷದ ಕೊನೆಯಲ್ಲಿ ಜಿಲ್ಲೆಗಳಲ್ಲಿ ಸಂಚರಿಸಿ, ಕನಿಷ್ಠ 27 ಸಾವಿರದಿಂದ 40 ಸಾವಿರ ಜನ ಪ್ರಾಣ ಕಳೆದುಕೊಂಡರೆಂದು ಅಂದಾಜಿಸಿತು. ಉಸ್ಮಾನಾಬಾದ್, ಕಲಬುರ್ಗಿ, ಬೀದರ, ನಾಂದೇಡಗಳೇ ಹೆಚ್ಚು ನೊಂದ ಜಿಲ್ಲೆಗಳು. ಪ್ರಾಣದ ಹಂಗು ತೊರೆದು ನೆರೆಯ ಮುಸ್ಲಿಮರನ್ನು ಕಾಪಾಡಿದ ಹಿಂದೂಗಳನ್ನೂ ವರದಿ ನೆನೆಯುತ್ತದೆ. ಸರಕಾರ ಅದನ್ನು ಒಪ್ಪಲಿಲ್ಲ. ದಶಕಗಳ ಕಾಲ ಅದು ಬೆಳಕಿಗೂ ಬರಲಿಲ್ಲ.

ಆ ವರ್ಷ ಸೇನಾ ಕಾರ್ಯಾಚರಣೆಯ ಐದು ದಿನಗಳು ಭಾದ್ರಪದ ಶುಕ್ಲಪಕ್ಷದ ಕೊನೆಯಲ್ಲಿ, ಅಂದರೆ ದಶಲಕ್ಷಣ ಪರ್ವದ ಉತ್ತರಾರ್ಧದಲ್ಲಿ ಬಂದವು. ಪ್ರತೀಕಾರದ ದಿನಗಳು ಬಂದದ್ದು ಕ್ಷಮಾವಣಿಯ ಬೆನ್ನಿಗೇ. ಪಂಚಾಂಗದ ಈ ಆಕಸ್ಮಿಕ ಯಾರ ಮೇಲೂ ಅಪವಾದವಲ್ಲ. ಆದರೆ ಕ್ಷಮೆಯೆಂಬ ಮಾತಿಗೆ ಆ ನೆಲದಲ್ಲಿ ಎಷ್ಟು ಭಾರವಿದೆಯೆಂಬುದನ್ನು ಅದು ನೆನಪಿಸುತ್ತದೆ.

ರಾಜ್ಯರಕ್ಷಣೆಗೆ ಶಸ್ತ್ರ ಹಿಡಿಯುವುದು ಶ್ರಾವಕನಿಗೆ ನಿಷಿದ್ಧವಲ್ಲವೆಂದು ಹಲವರು ವಾದಿಸುತ್ತಾರೆ. ಆ ವಾದ ಸರಿಯೇ. ಆತ್ಮರಕ್ಷಣೆಯ ವಿರೋಧೀ ಹಿಂಸೆಯನ್ನೂ ಬೇಕೆಂದು ಮಾಡುವ ಸಂಕಲ್ಪೀ ಹಿಂಸೆಯನ್ನೂ ಶಾಸ್ತ್ರ ಬೇರ್ಪಡಿಸಿದೆ. ರಜಾಕಾರರನ್ನು ತಡೆದದ್ದು ಮೊದಲನೆಯದಾದರೆ, ಶರಣಾಗತಿಯ ನಂತರ ನಿರಾಯುಧರನ್ನು ಕೊಂದದ್ದು ಯಾವ ನ್ಯಾಯದಿಂದಲೂ ಎರಡನೆಯದೇ. ಈ ಗೆರೆಯನ್ನು ಅಳಿಸುವವನು ಸೈನಿಕನ ಗೌರವವನ್ನೂ ಉಳಿಸುವುದಿಲ್ಲ.

ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಅಪಧ್ಯಾನ, ದುಃಶ್ರುತಿಗಳನ್ನು ಸೇರಿಸಿದೆ. ದ್ವೇಷದಿಂದ ಪರರ ವಧೆ, ಬಂಧನಗಳನ್ನು ಮನಸ್ಸಿನಲ್ಲಿ ಬಯಸುವುದು ಅಪಧ್ಯಾನ. ಚಿತ್ತವನ್ನು ಕಲುಷಿತಗೊಳಿಸುವ ಮಾತುಗಳನ್ನು ಕೇಳುವುದು ದುಃಶ್ರುತಿ. 2025ರ ಏಪ್ರಿಲಿನಲ್ಲಿ ಪಹಲ್ಗಾಮಿನಲ್ಲಿ ಅಮಾಯಕರು ಹತರಾದಾಗ ದೇಶ ಕ್ರುದ್ಧವಾದದ್ದು ಸಹಜ. ಮೇ ತಿಂಗಳ ನಾಲ್ಕು ದಿನಗಳ ಸಂಘರ್ಷದಲ್ಲಿ ಪೂಂಛದ ಕುಟುಂಬಗಳು ಷೆಲ್ಲುಗಳಿಗೆ ಹೆದರಿ ಮನೆ ತೊರೆಯುತ್ತಿದ್ದಾಗ, ದೂರದ ನಗರಗಳಲ್ಲಿ ಟಿವಿಯ ಮುಂದೆ ಕುಳಿತವರಿಗೆ ಯುದ್ಧ ಆಟದ ಸ್ಕೋರಿನಂತೆ ಕಂಡಿತು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿದ ಕೈಯೇ ರಾತ್ರಿ ಹತ್ತಕ್ಕೆ ಒಂದು ಸಮುದಾಯದ ನಾಶವನ್ನು ಹಾರೈಸುವ ವಾಟ್ಸಾಪ್ ಸಂದೇಶವನ್ನು ಮುಂದಕ್ಕೆ ಕಳುಹಿಸಿದರೆ, ರಾತ್ರಿಭೋಜನ ತ್ಯಾಗದ ಫಲವೇನು?

ಅನೇಕಾಂತವೆಂದರೆ ಒಂದು ಲೆಕ್ಕವನ್ನು ಇನ್ನೊಂದರಿಂದ ಕಳೆದು ಸೊನ್ನೆ ಮಾಡುವುದಲ್ಲ. ಗೋರ್ಟಾವನ್ನೂ ಅನಂತರದ ಪ್ರತೀಕಾರವನ್ನೂ ಬೇರೆಬೇರೆ ಪುಟಗಳಲ್ಲಿ ಪೂರ್ತಿಯಾಗಿ ಬರೆಯುವುದು. ಅಪರಾಧಿಯನ್ನು ಅಪರಾಧಿಯೆನ್ನುವುದು, ಅವನ ನೆರೆಯವನನ್ನು ಹಾಗೆನ್ನದಿರುವುದು.

ಆ ದಿನಗಳನ್ನು ಕಂಡ ಹಿರಿಯರಿಗೀಗ ಎಂಬತ್ತು ದಾಟಿದೆ. ಈ ಕ್ಷಮಾವಣಿಯಂದು ಮೊಮ್ಮಕ್ಕಳು ಶುಭಾಶಯದ ಚಿತ್ರ ಕಳುಹಿಸುವುದರ ಬದಲು ಅಜ್ಜ ಅಜ್ಜಿಯರ ಪಕ್ಕದಲ್ಲಿ ಕುಳಿತು ಎರಡು ಪ್ರಶ್ನೆ ಕೇಳಲಿ: ನಿಮ್ಮನ್ನು ಯಾರು ನೋಯಿಸಿದರು? ನಿಮ್ಮ ಕಣ್ಣೆದುರು ಯಾರು ನೊಂದರು? ಎರಡಕ್ಕೂ ಬಂದ ಉತ್ತರವನ್ನು ಬರೆದಿಡಲಿ. ಜಗಳವೇ ಆಡದ ನೆಂಟರಲ್ಲಿ ಕ್ಷಮೆ ಬೇಡುವುದು ಸುಲಭ. ವ್ರತದ ಪರೀಕ್ಷೆ ಇರುವುದು ಎರಡನೆಯ ಪ್ರಶ್ನೆಯಲ್ಲಿ.